ಸರದಿಯ ಆಡಳಿತ: ತಾಲ್ಲೂಕಿನ ಲೈನಿನಲ್ಲಿ ಯಾರು ಮೊದಲು?

ಬೆಳಗಾವಿ ಜಿಲ್ಲೆಯ ಬೈಲಹೊಂಗಲ ಕಂದಾಯ ಉಪವಿಭಾಗದ ವ್ಯಾಪ್ತಿಯಲ್ಲಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಪಹಣಿ ತೆಗೆಸುವುದರಿಂದ ಹಿಡಿದು ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಅಕ್ಕಿ ತರುವವರೆಗೆ, ಜಾತಿ ಮತ್ತು ಆದಾಯ ಪ್ರಮಾಣಪತ್ರದಿಂದ ಹಿಡಿದು ಆಸ್ತಿ ನೋಂದಣಿಯವರೆಗೆ, ಸರ್ಕಾರದೊಡನೆ ಜನಸಾಮಾನ್ಯರು ನಡೆಸುವ ವ್ಯವಹಾರದ ಬಹುಭಾಗ ಇಂದು ಯಾವುದಾದರೊಂದು ನೆಟ್‌ವರ್ಕ್ ಲೈನನ್ನು ದಾಟಿಯೇ ಮುಗಿಯಬೇಕು. ಕೌಂಟರಿನಲ್ಲಿ ಕೆಲಸ ನಿಂತುಹೋದಾಗ ‘ಸರ್ವರ್ ಇಲ್ರಿ’ ಎಂಬ ಒಂದೇ ಉತ್ತರ ಎಲ್ಲ ಕಡೆಯೂ ಕೇಳಿಬರುತ್ತದೆಯಾದರೂ, ಅನೇಕ ಸಂದರ್ಭಗಳಲ್ಲಿ ಬೆಂಗಳೂರಿನ ಸರ್ವರ್ ಸುಸ್ಥಿತಿಯಲ್ಲೇ ಇದ್ದು, ಅದನ್ನು ತಲುಪಬೇಕಾದ ಮಾಹಿತಿ ಮಾತ್ರ ತಾಲ್ಲೂಕಿನ ರೂಟರಿನೊಳಗೆ ಸರದಿಯಲ್ಲಿ ಕಾಯುತ್ತಿರುತ್ತದೆ. ಆ ಸರದಿಯಲ್ಲಿ ಯಾವುದು ಮುಂದೆ ಹೋಗಬೇಕು, ಯಾವುದು ಹಿಂದೆ ಉಳಿಯಬೇಕು ಎಂಬುದನ್ನು ರೂಟರಿಗೆ ಆಜ್ಞೆಗಳ ಮೂಲಕ ತಿಳಿಸುವ ಕೆಲಸಕ್ಕೆ ದಟ್ಟಣೆಯ ಆದ್ಯತಾ ನಿರ್ವಹಣೆ ಎಂದು ಹೆಸರು.

ಈ ಕೆಲಸವನ್ನು ಬಲ್ಲವರು ಕಪ್ಪು ಪರದೆಯ ಮೇಲೆ ಹತ್ತಿಪ್ಪತ್ತು ಸಾಲುಗಳ ಆಜ್ಞೆಗಳನ್ನು ಟೈಪು ಮಾಡಿ ಮುಗಿಸುತ್ತಾರೆ. ಆದ್ದರಿಂದ ಅದು ಶುದ್ಧ ತಾಂತ್ರಿಕ ವಿಷಯವೆಂದೂ, ಕಚೇರಿಯ ಆಡಳಿತಕ್ಕೂ ಅದಕ್ಕೂ ಸಂಬಂಧವಿಲ್ಲವೆಂದೂ ಭಾವಿಸುವುದು ರೂಢಿಯಾಗಿದೆ. ಆದರೆ ಆದ್ಯತೆಯ ಯಾವ ನಿಯಮವೂ ಲೈನಿನ ಸಾಮರ್ಥ್ಯವನ್ನು ಒಂದು ಬಿಟ್‌ನಷ್ಟೂ ಹಿಗ್ಗಿಸುವುದಿಲ್ಲ. ಇದ್ದಷ್ಟು ಸಾಮರ್ಥ್ಯದಲ್ಲಿ ಕಾಯುವ ಪಾಳಿ ಯಾರದು ಎಂಬುದನ್ನಷ್ಟೇ ಅದು ಗೊತ್ತುಮಾಡುತ್ತದೆ. ಒಬ್ಬರನ್ನು ಮುಂದೆ ಬಿಟ್ಟ ಪ್ರತಿಯೊಂದು ಸಾಲೂ ಇನ್ನೊಬ್ಬರನ್ನು ಹಿಂದೆ ನಿಲ್ಲಿಸುವುದರಿಂದ, ಅದನ್ನು ಬರೆಯುವವನು ತಂತ್ರಜ್ಞನೇ ಆಗಿದ್ದರೂ ಬರೆದದ್ದು ಮಾತ್ರ ಆಡಳಿತಾತ್ಮಕ ತೀರ್ಮಾನವೇ ಆಗಿರುತ್ತದೆ.

ಸರದಿ ಹುಟ್ಟುವ ಜಾಗ

ನೆಟ್‌ವರ್ಕಿನಲ್ಲಿ ಸಾಗುವ ಮಾಹಿತಿಯೆಲ್ಲವೂ, ಅದು ದೂರವಾಣಿಯ ಧ್ವನಿಯಾಗಿರಲಿ, ವಿಡಿಯೊ ಆಗಿರಲಿ, ಪಹಣಿಯ ಪುಟವಾಗಿರಲಿ, ಪ್ಯಾಕೆಟ್ ಎಂಬ ಸಣ್ಣ ಸಣ್ಣ ಕಂತುಗಳಾಗಿ ಒಡೆದು ಸಾಗುತ್ತದೆ. ಸಾಮಾನ್ಯ ಕಚೇರಿ ಜಾಲದಲ್ಲಿ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ 1500 ಬೈಟ್. ಕಚೇರಿಯೊಳಗಿನ ಕೇಬಲ್‌ಗಳು ಸೆಕೆಂಡಿಗೆ ನೂರು ಕೋಟಿ ಬಿಟ್, ಎಂದರೆ ಒಂದು ಗಿಗಾಬಿಟ್ ಸಾಗಿಸಬಲ್ಲವಾದರೂ ಹೊರಗೆ ಹೋಗುವ ಲೈನು ಅದರ ಅಲ್ಪ ಭಾಗವನ್ನಷ್ಟೇ ಸಾಗಿಸಬಲ್ಲದು. ಅಗಲವಾದುದು ಕಿರಿದಾದುದನ್ನು ಸಂಧಿಸುವ ಆ ಒಂದು ಬಿಂದುವಿನಲ್ಲಿಯೇ ಪ್ಯಾಕೆಟ್‌ಗಳು ಸರದಿಗಟ್ಟುತ್ತವೆ. ಆದ್ಯತೆಯ ನಿಯಮಕ್ಕೆ ಅರ್ಥವಿರುವುದೂ ಆ ಬಿಂದುವಿನಲ್ಲಿ ಮಾತ್ರ. ಸರದಿಯೇ ಇಲ್ಲದ ಕಡೆ ಯಾರನ್ನು ಮುಂದೆ ಬಿಟ್ಟರೂ ವ್ಯತ್ಯಾಸವಾಗುವುದಿಲ್ಲ.

ರಾಜ್ಯ ಕೇಂದ್ರ, ಜಿಲ್ಲಾ ಕೇಂದ್ರ ಮತ್ತು ತಾಲ್ಲೂಕು ಕೇಂದ್ರಗಳನ್ನು ಒಂದೇ ಜಾಲದಲ್ಲಿ ಹೆಣೆಯುವ ಸ್ಟೇಟ್ ವೈಡ್ ಏರಿಯಾ ನೆಟ್‌ವರ್ಕ್ ಯೋಜನೆಗೆ ಕೇಂದ್ರ ಸರ್ಕಾರ 2005ರ ಮಾರ್ಚಿನಲ್ಲಿ 3,334 ಕೋಟಿ ರೂಪಾಯಿ ವೆಚ್ಚದಲ್ಲಿ ಮಂಜೂರಾತಿ ನೀಡಿದಾಗ, ಪ್ರತಿ ಕೊಂಡಿಗೂ ಕನಿಷ್ಠ 2 ಎಂಬಿಪಿಎಸ್ ಸಾಮರ್ಥ್ಯವಿರಬೇಕೆಂದೂ ಅದರಲ್ಲಿಯೇ ದತ್ತಾಂಶ, ಧ್ವನಿ ಮತ್ತು ವಿಡಿಯೊ ಮೂರೂ ಸಾಗಬೇಕೆಂದೂ ಗೊತ್ತುಪಡಿಸಲಾಗಿತ್ತು. ಕರ್ನಾಟಕದಲ್ಲಿ ಕೆಸ್ವಾನ್ ಎಂದು ಕರೆಯಲಾಗುವುದು ಇದೇ ಬಗೆಯ ಜಾಲ. ಅಲ್ಲಿಂದೀಚೆಗೆ ಲೈನುಗಳ ವೇಗ ಹಲವು ಪಟ್ಟು ಹೆಚ್ಚಿದೆ. 2011ರ ಅಕ್ಟೋಬರಿನಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಗ್ರಾಮ ಪಂಚಾಯಿತಿಗಳವರೆಗೂ ಆಪ್ಟಿಕಲ್ ಫೈಬರ್ ಎಳೆದು 100 ಎಂಬಿಪಿಎಸ್ ಒದಗಿಸುವ ಗುರಿ ಇಟ್ಟುಕೊಂಡಿತು. ಆದರೂ ಮೊದಲಿನ ಆ 2 ಎಂಬಿಪಿಎಸ್ ಲೈನನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅನುಕೂಲ. ಏಕೆಂದರೆ ಕಿರಿದಾದ ಲೈನಿನಲ್ಲಿ ಸರದಿಯ ಸ್ವಭಾವ ಸ್ಪಷ್ಟವಾಗಿ ಎದ್ದು ಕಾಣುತ್ತದೆ, ಮತ್ತು ಫೈಬರ್ ತುಂಡಾಗಿ ಬದಲಿ ವ್ಯವಸ್ಥೆಯ ಮೇಲೆ ಕಚೇರಿ ನಡೆಯುವ ದಿನಗಳಲ್ಲಿ ಲೈನು ಇಂದಿಗೂ ಅಷ್ಟೇ ಕಿರಿದಾಗಬಹುದು.

1500 ಬೈಟ್‌ಗಳೆಂದರೆ 12,000 ಬಿಟ್. ಸೆಕೆಂಡಿಗೆ 20 ಲಕ್ಷ ಬಿಟ್ ಸಾಗಿಸುವ ಲೈನಿನಲ್ಲಿ ಇಂಥ ಒಂದು ಪ್ಯಾಕೆಟ್ ಹೊರಬೀಳಲು 6 ಮಿಲಿಸೆಕೆಂಡು ಬೇಕು. ಲಿನಕ್ಸ್ ಆಧಾರಿತ ಸಾಧನಗಳು ಬಹುಕಾಲ ತಮ್ಮ ಸರದಿಯಲ್ಲಿ ಸಾವಿರ ಪ್ಯಾಕೆಟ್‌ಗಳವರೆಗೆ ಹಿಡಿದಿಟ್ಟುಕೊಳ್ಳುವಂತೆ ರೂಪುಗೊಂಡಿದ್ದವು. ಯಾರೋ ಒಬ್ಬರು ದೊಡ್ಡ ಕಡತವೊಂದನ್ನು ಕಳುಹಿಸಿ ಆ ಸರದಿಯನ್ನು ತುಂಬಿಸಿದರೆ, ಹಿಂದೆ ಬಂದ ಪ್ಯಾಕೆಟ್ 6 ಸೆಕೆಂಡು ಕಾಯಬೇಕಾಗುತ್ತದೆ. ಪಹಣಿಯ ಪುಟ ಆರು ಸೆಕೆಂಡು ತಡವಾದರೆ ಬೇಸರವಾದೀತು, ಅಷ್ಟೆ. ಆದರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನಂತೆ ದೂರವಾಣಿ ಸಂಭಾಷಣೆ ಸರಾಗವಾಗಿರಲು ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡು ಮೀರಬಾರದು. ಈ ಲೈನಿನಲ್ಲಿ ಧ್ವನಿಯ ಪ್ಯಾಕೆಟ್ಟಿನ ಮುಂದೆ ಬರಿಯ 25 ದೊಡ್ಡ ಪ್ಯಾಕೆಟ್‌ಗಳು ನಿಂತರೆ ಸಾಕು, ಆ ಮಿತಿ ಅಲ್ಲಿಯೇ ಮುಗಿದುಹೋಗುತ್ತದೆ. ಎಲ್ಲರಿಗೂ ಬಂದ ಕ್ರಮದಲ್ಲಿಯೇ ಪಾಳಿ ಎಂಬ ಮೇಲ್ನೋಟಕ್ಕೆ ನ್ಯಾಯವಾಗಿ ತೋರುವ ನಿಯಮ, ಕಾಯಲು ಸಾಧ್ಯವಿರುವವರನ್ನೂ ಸಾಧ್ಯವಿಲ್ಲದವರನ್ನೂ ಒಂದೇ ಎಂದೆಣಿಸಿ ಸೋಲುವುದು ಹೀಗೆ.

ಟ್ರಂಕ್ ಕಾಲಿನಿಂದ ಆರು ಬಿಟ್‌ಗಳವರೆಗೆ

ಸರದಿಯನ್ನು ದರ್ಜೆಗಳಾಗಿ ಒಡೆಯುವ ಕಲ್ಪನೆ ಕಂಪ್ಯೂಟರಿಗಿಂತ ಹಳೆಯದು. ದೂರದೂರಿಗೆ ಮಾತನಾಡಲು ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಾಗಿದ್ದ ಕಾಲದಲ್ಲಿ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ಮೂರು ದರ್ಜೆಗಳಿದ್ದು, ಮೇಲಿನ ದರ್ಜೆಗೆ ಹಲವು ಪಟ್ಟು ಹೆಚ್ಚು ದರ ತೆರಬೇಕಾಗಿತ್ತು ಎಂಬುದು ಹಿರಿಯರ ನೆನಪಿನಲ್ಲಿದೆ. ಅಮೆರಿಕದ ಸೇನಾ ದೂರವಾಣಿ ಜಾಲದಲ್ಲಿಯೂ ರೊಟೀನ್, ಪ್ರಯಾರಿಟಿ, ಇಮ್ಮಿಡಿಯೆಟ್, ಫ್ಲ್ಯಾಷ್, ಫ್ಲ್ಯಾಷ್ ಓವರ್‌ರೈಡ್ ಎಂಬ ದರ್ಜೆಗಳಿದ್ದವು. 1981ರ ಸೆಪ್ಟೆಂಬರಿನಲ್ಲಿ ಇಂಟರ್ನೆಟ್ ಪ್ರೊಟೊಕಾಲಿನ ನಿರೂಪಣೆಯಾಗಿ ಆರ್‌ಎಫ್‌ಸಿ 791 ಎಂಬ ದಾಖಲೆ ಪ್ರಕಟವಾದಾಗ, ಪ್ರತಿ ಪ್ಯಾಕೆಟ್ಟಿನ ತಲೆಬರಹದಲ್ಲಿ ಮೂರು ಬಿಟ್‌ಗಳನ್ನು ಆದ್ಯತೆಗಾಗಿ ಮೀಸಲಿಟ್ಟು, ಅದೇ ಸೇನಾ ದರ್ಜೆಗಳ ಹೆಸರುಗಳನ್ನು ಅವಕ್ಕೆ ಇಡಲಾಯಿತು.

1998ರ ಡಿಸೆಂಬರಿನಲ್ಲಿ ಬಂದ ಆರ್‌ಎಫ್‌ಸಿ 2474 ಆ ಮೂರು ಬಿಟ್‌ಗಳನ್ನು ಆರಕ್ಕೆ ವಿಸ್ತರಿಸಿ ಡಿಎಸ್‌ಸಿಪಿ ಎಂಬ ಹೊಸ ಗುರುತನ್ನು ರೂಪಿಸಿತು. ಆರು ಬಿಟ್‌ಗಳಲ್ಲಿ 64 ಬೆಲೆಗಳಿಗೆ ಅವಕಾಶವಿದ್ದು, ಅವುಗಳಲ್ಲಿ 46 ಎಂಬ ಬೆಲೆಯನ್ನು ತಡೆಯಿಲ್ಲದೆ ಸಾಗಬೇಕಾದ ಧ್ವನಿಯಂಥ ದಟ್ಟಣೆಗೆ ಬಳಸುವುದು ಲೋಕರೂಢಿ. ಗುರುತು ಹಾಕುವುದೇ ಬೇರೆ, ಅದನ್ನು ಮನ್ನಿಸುವುದೇ ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಪ್ಯಾಕೆಟ್ ಮೇಲಿನ 46 ಒಂದು ಮನವಿ ಮಾತ್ರ. ದಾರಿಯಲ್ಲಿ ಸಿಗುವ ಪ್ರತಿಯೊಂದು ರೂಟರಿನಲ್ಲಿಯೂ ಆ ಮನವಿಗೆ ಇಂತಿಷ್ಟು ಬೆಲೆ ಕೊಡಬೇಕೆಂಬ ನಿಯಮ ಬರೆದಿದ್ದರೆ ಮಾತ್ರ ಅದು ಫಲಿಸುತ್ತದೆ. ಸಾರ್ವಜನಿಕ ಇಂಟರ್ನೆಟ್ಟಿಗೆ ಕಾಲಿಟ್ಟೊಡನೆ ಈ ಗುರುತಿಗೆ ಸಾಮಾನ್ಯವಾಗಿ ಯಾವ ಭರವಸೆಯೂ ಉಳಿಯುವುದಿಲ್ಲ. ಹಾಗೆಯೇ, ಯಾರ ಕಂಪ್ಯೂಟರ್ ಬೇಕಾದರೂ ತನ್ನ ಎಲ್ಲ ಪ್ಯಾಕೆಟ್‌ಗಳ ಮೇಲೆ 46 ಎಂದು ಬರೆದುಕೊಳ್ಳಬಹುದಾದ ಕಾರಣ, ಕಚೇರಿಯ ಗಡಿಯಲ್ಲಿರುವ ರೂಟರು ಒಳಗಿನ ಗುರುತುಗಳನ್ನು ಕುರುಡಾಗಿ ನಂಬದೆ ತಾನೇ ಪರಿಶೀಲಿಸಿ ಮತ್ತೆ ಗುರುತು ಹಾಕುವಂತೆ ಮಾಡುವುದು ಜಾಲ ನಿರ್ವಹಣೆಯ ಮೊದಲ ಎಚ್ಚರಿಕೆ.

ಆಜ್ಞೆಗಳ ಒಳಹೊರಗು

ಗುಂಡಿಗಳನ್ನು ಒತ್ತಿ ಆಯ್ಕೆ ಮಾಡುವ ಚಿತ್ರಮಯ ಪರದೆ ಇರುವಾಗ ಕಮಾಂಡ್ ಲೈನ್ ಏಕೆ ಎಂಬ ಪ್ರಶ್ನೆ ಸಹಜವಾದುದು. ಆಜ್ಞೆಗಳನ್ನು ಪಠ್ಯವಾಗಿ ಬರೆದಾಗ ಅವನ್ನು ಒಂದು ಕಡತದಲ್ಲಿ ಉಳಿಸಿ, ಸವದತ್ತಿಯಲ್ಲಿ ಬಳಸಿದ್ದನ್ನೇ ರಾಮದುರ್ಗದಲ್ಲಿಯೂ ಬಳಸಬಹುದು. ಕಳೆದ ತಿಂಗಳ ನಿಯಮಕ್ಕೂ ಈ ತಿಂಗಳ ನಿಯಮಕ್ಕೂ ಇರುವ ವ್ಯತ್ಯಾಸವನ್ನು ಸಾಲು ಸಾಲಾಗಿ ಹೋಲಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ತೀರಾ ಕಿರಿದಾದ ಲೈನಿನ ಮೂಲಕವೂ ದೂರದ ರೂಟರನ್ನು ತಲುಪಿ ಸರಿಪಡಿಸಬಹುದು.

ಲಿನಕ್ಸ್‌ನಲ್ಲಿ ಈ ಕೆಲಸಕ್ಕಿರುವ ಆಜ್ಞೆ ಟಿಸಿ. ರಷ್ಯಾದ ಅಲೆಕ್ಸಿ ಕುಜ್ನೆತ್ಸೊವ್ ರೂಪಿಸಿದ ಐಪ್ರೂಟ್2 ಎಂಬ ಸಲಕರಣೆಗಳ ಗುಂಪಿನಲ್ಲಿ ಅದು ಬರುತ್ತದೆ. ಒಂದು ಇಂಟರ್‌ಫೇಸಿನಿಂದ ಹೊರಹೋಗುವ ಸರದಿಯನ್ನು ನಡೆಸುವ ಪದ್ಧತಿಗೆ ಅದರ ಪರಿಭಾಷೆಯಲ್ಲಿ ಕ್ಯೂಡಿಸ್ಕ್ ಎಂದೂ, ಆ ಸರದಿಯ ಒಳಗಿನ ವಿಭಾಗಕ್ಕೆ ಕ್ಲಾಸ್ ಎಂದೂ, ಯಾವ ಪ್ಯಾಕೆಟ್ ಯಾವ ವಿಭಾಗಕ್ಕೆ ಸೇರಬೇಕೆಂದು ಹೇಳುವ ಸೂತ್ರಕ್ಕೆ ಫಿಲ್ಟರ್ ಎಂದೂ ಹೆಸರು. ವಿಭಾಗಗಳಿಗೆ ಪಾಲು ಹಂಚುವ ಪದ್ಧತಿಗಳಲ್ಲಿ ಜೆಕ್ ದೇಶದ ಮಾರ್ಟಿನ್ ದೇವೇರಾ ಬರೆದ ಎಚ್‌ಟಿಬಿ ಬಹಳ ಬಳಕೆಯಲ್ಲಿದೆ.

2 ಎಂಬಿಪಿಎಸ್ ಲೈನಿರುವ ತಾಲ್ಲೂಕು ಕಚೇರಿಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಂಡರೆ, ನಿಯಮಗಳ ಬರವಣಿಗೆ ಹೀಗೆ ಆರಂಭವಾಗುತ್ತದೆ. ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವುದನ್ನು ಕೀಲಿಮಣೆಯಲ್ಲಿ ರೋಮನ್ ಸಣ್ಣ ಅಕ್ಷರಗಳಲ್ಲಿ ಟೈಪು ಮಾಡಲಾಗುತ್ತದೆ.

ಟಿಸಿ ಕ್ಯೂಡಿಸ್ಕ್ ಆಡ್ ಡೆವ್ ಇಟಿಎಚ್0 ರೂಟ್ ಹ್ಯಾಂಡಲ್ 1: ಎಚ್‌ಟಿಬಿ ಡಿಫಾಲ್ಟ್ 40

ಟಿಸಿ ಕ್ಲಾಸ್ ಆಡ್ ಡೆವ್ ಇಟಿಎಚ್0 ಪೇರೆಂಟ್ 1: ಕ್ಲಾಸ್‌ಐಡಿ 1:1 ಎಚ್‌ಟಿಬಿ ರೇಟ್ 1900ಕೆಬಿಟ್

ಟಿಸಿ ಕ್ಲಾಸ್ ಆಡ್ ಡೆವ್ ಇಟಿಎಚ್0 ಪೇರೆಂಟ್ 1:1 ಕ್ಲಾಸ್‌ಐಡಿ 1:10 ಎಚ್‌ಟಿಬಿ ರೇಟ್ 200ಕೆಬಿಟ್ ಸೀಲ್ 400ಕೆಬಿಟ್ ಪ್ರಿಯೊ 0

ಮೊದಲ ಸಾಲು ಇಟಿಎಚ್0 ಎಂಬ ಇಂಟರ್‌ಫೇಸಿಗೆ ಎಚ್‌ಟಿಬಿ ಪದ್ಧತಿಯನ್ನು ಜೋಡಿಸಿ, ಯಾವ ಫಿಲ್ಟರಿಗೂ ಸಿಗದ ಪ್ಯಾಕೆಟ್‌ಗಳೆಲ್ಲ 40ನೆಯ ವಿಭಾಗಕ್ಕೆ ಹೋಗಲಿ ಎನ್ನುತ್ತದೆ; ಈ ಕೊನೆಯ ಮಾತನ್ನು ಬಿಟ್ಟುಬಿಟ್ಟರೆ ಗುರುತು ಸಿಗದ ದಟ್ಟಣೆ ಯಾವ ಮಿತಿಗೂ ಒಳಪಡದೆ ಪೂರ್ಣ ವೇಗದಲ್ಲಿ ನುಗ್ಗಿ ಇಡೀ ವ್ಯವಸ್ಥೆಯನ್ನು ನಿರರ್ಥಕಗೊಳಿಸುತ್ತದೆ. ಎರಡನೆಯ ಸಾಲಿನಲ್ಲಿ ಒಟ್ಟು ಮಿತಿಯನ್ನು 2000ದ ಬದಲು 1900 ಕಿಲೋಬಿಟ್ ಎಂದು ಉದ್ದೇಶಪೂರ್ವಕವಾಗಿಯೇ ತುಸು ತಗ್ಗಿಸಲಾಗಿದೆ. ಲೈನಿನ ಪೂರ್ಣ ವೇಗವನ್ನೇ ಬರೆದರೆ ಸರದಿ ಈ ರೂಟರಿನಲ್ಲಿ ಕಟ್ಟದೆ ಮುಂದಿನ ಮೋಡೆಮ್ಮಿನಲ್ಲಿ ಕಟ್ಟುತ್ತದೆ, ಮತ್ತು ಆ ಮೋಡೆಮ್ಮಿಗೆ ಇಲ್ಲಿನ ನಿಯಮಗಳ ಅರಿವಿರುವುದಿಲ್ಲ. ಮೂರನೆಯ ಸಾಲು ಧ್ವನಿಯ ವಿಭಾಗವನ್ನು ರಚಿಸುತ್ತದೆ: ರೇಟ್ ಎಂಬುದು ಖಾತರಿಯ ಪಾಲು, ಸೀಲ್ ಎಂಬುದು ಬೇರೆಯವರು ಬಳಸದೆ ಬಿಟ್ಟದ್ದನ್ನು ಎರವಲು ಪಡೆದಾಗಲೂ ಮೀರಲಾಗದ ಮೇಲ್ಮಿತಿ, ಪ್ರಿಯೊ ಎಂಬುದು ಉಳಿಕೆಯನ್ನು ಹಂಚುವಾಗ ಯಾರನ್ನು ಮೊದಲು ಕೇಳಬೇಕೆಂಬ ಕ್ರಮ, ಅಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಆದ್ಯತೆ ದೊಡ್ಡದು. ಇದೇ ಮಾದರಿಯಲ್ಲಿ ವಿಡಿಯೊ ಸಭೆಗೆ 600, ಪಹಣಿ, ಪಡಿತರ, ಪ್ರಮಾಣಪತ್ರಗಳಂಥ ನಾಗರಿಕ ಸೇವೆಗಳಿಗೆ 900, ಉಳಿದೆಲ್ಲಕ್ಕೆ 200 ಕಿಲೋಬಿಟ್ ಖಾತರಿ ನೀಡಿದರೆ ಒಟ್ಟು ಮೊತ್ತ ಸರಿಯಾಗಿ 1900 ಆಗುತ್ತದೆ. ಮಕ್ಕಳ ಖಾತರಿಗಳ ಮೊತ್ತ ತಾಯಿ ವಿಭಾಗದ ಮಿತಿಯನ್ನು ಮೀರಬಾರದು.

ಅಂಕಿಗಳನ್ನು ಬರೆಯುವಾಗಿನ ಒಂದು ಬಲೆ ಅನುಭವಿಗಳನ್ನೂ ಬೀಳಿಸುತ್ತದೆ. ಲೈನು ಮಾರುವವರು ಕೆಬಿಪಿಎಸ್ ಎಂದರೆ ಸೆಕೆಂಡಿಗೆ ಕಿಲೋಬಿಟ್ ಎಂದು ಅರ್ಥ. ಟಿಸಿಗೆ ಅದೇ ಅಕ್ಷರಗಳನ್ನು ಕೊಟ್ಟರೆ ಅದು ಸೆಕೆಂಡಿಗೆ ಕಿಲೋಬೈಟ್ ಎಂದು ಓದಿಕೊಳ್ಳುತ್ತದೆ. ಕೆಬಿಟ್ ಎಂದು ಬರೆಯಬೇಕಾದ ಕಡೆ ಕೆಬಿಪಿಎಸ್ ಎಂದು ಬರೆದವರ ಎಲ್ಲ ಮಿತಿಗಳೂ ಎಂಟು ಪಟ್ಟು ಸಡಿಲವಾಗಿ, ನಿಯಮಗಳು ಇದ್ದೂ ಇಲ್ಲದಂತಾಗುತ್ತವೆ. ಡಿಎಸ್‌ಸಿಪಿ ಗುರುತಿನ ಮೇಲೆ ಫಿಲ್ಟರ್ ಬರೆಯುವಾಗಲೂ ಇಂಥದೇ ತೊಡಕಿದೆ: ಆರು ಬಿಟ್‌ಗಳಲ್ಲಿ 46 ಆಗಿರುವುದು, ಕೊನೆಯ ಎರಡು ಬಿಟ್‌ಗಳನ್ನೂ ಸೇರಿಸಿ ಇಡೀ ಬೈಟನ್ನು ಓದಿದಾಗ 184 ಆಗುತ್ತದೆ.

ಈ ನಿಯಮಗಳು ರೂಟರನ್ನು ಮರುಚಾಲನೆ ಮಾಡಿದೊಡನೆ ಅಳಿಸಿಹೋಗುವುದರಿಂದ ಅವನ್ನು ಕಡತದಲ್ಲಿಟ್ಟು ಪ್ರತಿ ಆರಂಭದಲ್ಲೂ ತಾವಾಗಿ ಜಾರಿಯಾಗುವಂತೆ ಏರ್ಪಾಟು ಮಾಡಬೇಕು. ದೂರದಿಂದ ಕೆಲಸ ಮಾಡುವವನು ಒಂದು ತಪ್ಪು ಸಾಲಿನಿಂದ ತನ್ನ ಸಂಪರ್ಕವನ್ನೇ ಕಡಿದುಕೊಳ್ಳುವ ಅಪಾಯವೂ ಇದೆ. ಅದಕ್ಕಾಗಿ, ಕೆಲವು ನಿಮಿಷಗಳ ನಂತರ ಎಲ್ಲ ನಿಯಮಗಳನ್ನೂ ತೆಗೆದುಹಾಕುವ ಆಜ್ಞೆಯೊಂದನ್ನು ಮೊದಲೇ ಕಾಲನಿಗದಿ ಮಾಡಿಟ್ಟು, ಹೊಸ ನಿಯಮಗಳು ಸರಿಯೆಂದು ಖಚಿತವಾದ ಮೇಲೆ ಆ ಆಜ್ಞೆಯನ್ನು ರದ್ದು ಮಾಡುವುದು ನುರಿತವರ ಪದ್ಧತಿ. ಸಿಸ್ಕೊ ಕಂಪನಿಯ ರೂಟರುಗಳಲ್ಲಿ ಆಜ್ಞೆಗಳ ರೂಪ ಬೇರೆಯಾದರೂ ಕ್ಲಾಸ್‌ಮ್ಯಾಪ್‌ನಲ್ಲಿ ವಿಂಗಡಣೆ, ಪಾಲಿಸಿಮ್ಯಾಪ್‌ನಲ್ಲಿ ಪಾಲು, ಸರ್ವಿಸ್‌ಪಾಲಿಸಿಯಲ್ಲಿ ಜೋಡಣೆ ಎಂಬ ಅದೇ ಮೂರು ಹಂತಗಳಿವೆ.

ಇಷ್ಟಾದರೂ ಒಂದು ಮಿತಿ ಉಳಿಯುತ್ತದೆ. ಹೊರಹೋಗುವ ಸರದಿಯನ್ನು ಮಾತ್ರ ರೂಟರು ಆಳಬಲ್ಲದು. ಒಳಬರುವ ಪ್ಯಾಕೆಟ್ ಅದರ ಕೈಸೇರುವ ಹೊತ್ತಿಗೆ ಕಿರಿದಾದ ಲೈನನ್ನು ಆಗಲೇ ದಾಟಿ ಬಂದಿರುತ್ತದೆ. ಕಚೇರಿಗಳಲ್ಲಿ ಕಳುಹಿಸುವುದಕ್ಕಿಂತ ತರಿಸಿಕೊಳ್ಳುವುದೇ ಹೆಚ್ಚಾದ್ದರಿಂದ, ರಾಮದುರ್ಗದ ರೂಟರಿನಲ್ಲಿ ಬರೆದ ನಿಯಮಗಳಿಗೆ ಸರಿಹೊಂದುವ ನಿಯಮಗಳನ್ನು ಆ ಲೈನಿನ ಇನ್ನೊಂದು ತುದಿಯಾದ ಜಿಲ್ಲಾ ಕೇಂದ್ರದಲ್ಲಿಯೂ ಬರೆಯದಿದ್ದರೆ ಅರ್ಧ ಕೆಲಸವೂ ಆದಂತಾಗುವುದಿಲ್ಲ.

ಮಲಪ್ರಭೆಯ ಪಾಠ

ಆದ್ಯತೆಯ ಅತ್ಯಂತ ಸರಳ ರೂಪವೆಂದರೆ ಮೇಲಿನ ದರ್ಜೆಯ ಸರದಿ ಪೂರ್ತಿ ಖಾಲಿಯಾಗುವವರೆಗೆ ಕೆಳಗಿನ ದರ್ಜೆಯನ್ನು ಮುಟ್ಟದಿರುವುದು. ಲಿನಕ್ಸ್‌ನ ಹಳೆಯ ಪದ್ಧತಿಯಾದ ಪಿಫಿಫೊ ಫಾಸ್ಟ್ ತನ್ನ ಮೂರು ಪಟ್ಟಿಗಳನ್ನು ಹೀಗೆಯೇ ನಡೆಸುತ್ತದೆ. ಈ ಕಟ್ಟುನಿಟ್ಟಿನಲ್ಲಿರುವ ಅಪಾಯವನ್ನು ತಿಳಿಯಲು ಈ ಭಾಗದ ಓದುಗರಿಗೆ ದೂರ ಹೋಗಬೇಕಾಗಿಲ್ಲ. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಡ್ಡಲಾಗಿ ನಿಂತಿರುವ ರೇಣುಕಾಸಾಗರದ ನೀರನ್ನು ಹುಬ್ಬಳ್ಳಿ ಮತ್ತು ಧಾರವಾಡದ ನಲ್ಲಿಗಳೂ ಎಡದಂಡೆ ಬಲದಂಡೆಗಳ ಹೊಲಗಳೂ ಹಂಚಿಕೊಳ್ಳುತ್ತವೆ. ಕುಡಿಯುವ ನೀರಿಗೆ ಮೊದಲ ಸ್ಥಾನ, ನೀರಾವರಿಗೆ ಎರಡನೆಯದು ಎಂಬ ಕ್ರಮವನ್ನು ರಾಷ್ಟ್ರೀಯ ಜಲನೀತಿ 1987ರಲ್ಲಿಯೇ ಸಾರಿತು. ಕ್ರಮ ನ್ಯಾಯವಾದುದೇ, ಆದರೆ ಕಾಲುವೆಯ ಮೇಲ್ಭಾಗದವರು ತಮ್ಮ ಪಾಲಿಗಿಂತ ಹೆಚ್ಚು ಎಳೆದುಕೊಂಡರೆ ಕೊನೆಯ ಹೊಲಕ್ಕೆ ನೀರು ಎಂದೂ ತಲುಪುವುದಿಲ್ಲ, ಮತ್ತು ತಲುಪದ ನೀರಿಗೂ ಕರ ಕಟ್ಟಬೇಕಾದಾಗ ಅದು ಎಂಥ ಸಿಟ್ಟಾಗಿ ಸ್ಫೋಟಿಸಬಹುದು ಎಂಬುದನ್ನು 1980ರ ಜುಲೈ 21ರ ನರಗುಂದ ಮತ್ತು ನವಲಗುಂದದ ರೈತ ಬಂಡಾಯ ತೋರಿಸಿಕೊಟ್ಟಿತು.

ನೆಟ್‌ವರ್ಕಿನಲ್ಲಿ ಕೆಳದರ್ಜೆಯ ಸರದಿಗೆ ಪಾಳಿಯೇ ಬಾರದ ಈ ಸ್ಥಿತಿಯನ್ನು ತಡೆಯುವ ಉಪಾಯ ಮೇಲಿನವರಿಗೆ ಮೇಲ್ಮಿತಿ, ಕೆಳಗಿನವರಿಗೆ ಕನಿಷ್ಠ ಖಾತರಿ ಎಂಬುದೇ. ಮೇಲಿನ ಉದಾಹರಣೆಯಲ್ಲಿ ಧ್ವನಿಗೆ 400 ಕಿಲೋಬಿಟ್‌ನ ಸೀಲ್ ಹಾಕಿದ್ದೂ, ಏನೆಂದು ಗೊತ್ತಿಲ್ಲದ ದಟ್ಟಣೆಗೂ 200 ಕಿಲೋಬಿಟ್ ಕಾಯ್ದಿರಿಸಿದ್ದೂ ಇದೇ ಕಾರಣಕ್ಕೆ. ಸಿಸ್ಕೊ ರೂಟರಿನ ಪ್ರಯಾರಿಟಿ ಎಂಬ ಆಜ್ಞೆ ಕೂಡ ದಟ್ಟಣೆ ಹೆಚ್ಚಿದಾಗ ಮೇಲ್ದರ್ಜೆಯನ್ನು ಅದಕ್ಕೆ ಗೊತ್ತುಮಾಡಿದ ಮಿತಿಯೊಳಗೆ ತಾನಾಗಿಯೇ ತಡೆದು ನಿಲ್ಲಿಸುವಂತೆ ರೂಪುಗೊಂಡಿದೆ.

ನಿಯಮ ಬೇಡದ ನಿಯಮ

ಎಲ್ಲ ದಟ್ಟಣೆಯನ್ನೂ ಹೆಸರಿಟ್ಟು ವಿಂಗಡಿಸುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಮೊದಲು ಬಳಕೆಗೊಂದು ಪೋರ್ಟ್ ಸಂಖ್ಯೆಯಿದ್ದು ಅದರಿಂದಲೇ ಗುರುತಿಸಬಹುದಾಗಿತ್ತು. ಈಗ ಬ್ಯಾಂಕಿನ ವ್ಯವಹಾರವೂ ಸಿನಿಮಾವೂ 443 ಎಂಬ ಒಂದೇ ಪೋರ್ಟಿನಲ್ಲಿ, ಗೂಢಲಿಪಿಯ ಮುಸುಕಿನಲ್ಲಿ ಸಾಗುತ್ತವೆ. ಇನ್ನೊಂದು ಕಡೆ, ಸ್ಮರಣಚಿಪ್ಪುಗಳು ಅಗ್ಗವಾದಂತೆಲ್ಲ ತಯಾರಕರು ರೂಟರಿನೊಳಗೆ ಸರದಿ ನಿಲ್ಲುವ ಜಾಗವನ್ನು ಬೇಕಾಬಿಟ್ಟಿ ಹಿಗ್ಗಿಸಿದರು. ಪ್ಯಾಕೆಟ್ ಕಳೆದುಹೋದಾಗ ಮಾತ್ರ ವೇಗ ತಗ್ಗಿಸುವ ಸ್ವಭಾವದ ಕಂಪ್ಯೂಟರುಗಳು, ಕಳೆಯುವುದೇ ಇಲ್ಲವೆಂದಾದಾಗ ಆ ಜಾಗವನ್ನೆಲ್ಲ ತುಂಬಿಸಿ ಎಲ್ಲರನ್ನೂ ಕಾಯಿಸತೊಡಗಿದವು. ಅಮೆರಿಕದ ಜಿಮ್ ಗೆಟಿಸ್ 2010ರ ಸುಮಾರಿಗೆ ಈ ರೋಗವನ್ನು ಬಫರ್‌ಬ್ಲೋಟ್ ಎಂದು ಕರೆದು ಅದರತ್ತ ಎಲ್ಲರ ಗಮನ ಸೆಳೆದರು.

ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಮಂಡಿಸಿದ ಕೋಡೆಲ್ ಎಂಬ ಪರಿಹಾರ ಸರದಿಯ ಉದ್ದವನ್ನು ಅಳೆಯುವುದರ ಬದಲು ಪ್ಯಾಕೆಟ್ ಕಾದ ಹೊತ್ತನ್ನು ಅಳೆಯುತ್ತದೆ. 100 ಮಿಲಿಸೆಕೆಂಡುಗಳ ಅವಧಿಯುದ್ದಕ್ಕೂ ಕಾಯುವ ಹೊತ್ತು 5 ಮಿಲಿಸೆಕೆಂಡಿಗಿಂತ ಕೆಳಗೆ ಒಮ್ಮೆಯೂ ಇಳಿಯದಿದ್ದರೆ ಪ್ಯಾಕೆಟ್‌ಗಳನ್ನು ಕೈಬಿಡಲು ತೊಡಗಿ, ಕಳುಹಿಸುವವರಿಗೆ ನಿಧಾನಿಸುವಂತೆ ಸೂಚನೆ ಕೊಡುತ್ತದೆ. ಪ್ರತಿ ಸಂಪರ್ಕಕ್ಕೂ ಬೇರೆ ಬೇರೆ ಸರದಿ ಮಾಡಿ ಒಂದೊಂದರಿಂದ ಪಾಳಿಯಂತೆ ಎತ್ತುವ ಕ್ರಮವನ್ನು ಇದಕ್ಕೆ ಸೇರಿಸಿದಾಗ ಎಫ್‌ಕ್ಯೂ ಕೋಡೆಲ್ ಆಗುತ್ತದೆ. 2018ರ ಜನವರಿಯಲ್ಲಿ ಆರ್‌ಎಫ್‌ಸಿ 8290 ಆಗಿ ಅದು ದಾಖಲಾಯಿತು. ಪಡಿತರ ಅಂಗಡಿಯ ಹೆಬ್ಬೆಟ್ಟಿನ ದೃಢೀಕರಣದಂತೆ ಕೆಲವೇ ಪ್ಯಾಕೆಟ್‌ಗಳಲ್ಲಿ ಮುಗಿಯುವ ಕೆಲಸ, ಯಾರೂ ಅದರ ಹೆಸರಿನಲ್ಲಿ ನಿಯಮ ಬರೆಯದಿದ್ದರೂ, ಈ ಪದ್ಧತಿಯಲ್ಲಿ ದೊಡ್ಡ ಕಡತಗಳ ಹಿಂದೆ ಸಿಕ್ಕಿಕೊಳ್ಳುವುದಿಲ್ಲ. 2018ರಲ್ಲಿಯೇ ಲಿನಕ್ಸ್‌ನ 4.19ನೆಯ ಆವೃತ್ತಿಗೆ ಸೇರಿದ ಕೇಕ್ ಎಂಬ ಪದ್ಧತಿ ವೇಗದ ಮಿತಿ, ನ್ಯಾಯವಾದ ಪಾಳಿ ಮತ್ತು ದರ್ಜೆ ಮೂರನ್ನೂ ಒಂದೇ ಆಜ್ಞೆಯಲ್ಲಿ ಒದಗಿಸುತ್ತದೆ.

ಆದರೆ ಸಿದ್ಧ ಅಂಕಿಗಳನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. 2 ಎಂಬಿಪಿಎಸ್ ಲೈನಿನಲ್ಲಿ ಒಂದು ಪ್ಯಾಕೆಟ್ ಹೊರಬೀಳಲು 6 ಮಿಲಿಸೆಕೆಂಡು ಬೇಕಾಗಿರುವಾಗ ಕಾಯುವ ಗುರಿಯನ್ನು 5 ಮಿಲಿಸೆಕೆಂಡಿನಲ್ಲಿಯೇ ಬಿಟ್ಟರೆ, ತಪ್ಪಿಲ್ಲದ ಪ್ಯಾಕೆಟ್‌ಗಳೂ ಬಲಿಯಾಗುತ್ತವೆ. ಇಂಥ ಲೈನಿನಲ್ಲಿ ಗುರಿಯನ್ನು ಏರಿಸಬೇಕು.

ಯಲ್ಲಮ್ಮನ ಗುಡ್ಡದ ಹುಣ್ಣಿಮೆ

ಆದ್ಯತೆಯ ನಿಯಮಗಳು ಬರಿಗಣ್ಣಿಗೆ ಕಾಣುವಂತಾಗುವುದು ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಕರ್ನಾಟಕವಲ್ಲದೆ ಮಹಾರಾಷ್ಟ್ರ, ಗೋವಾ, ಆಂಧ್ರ ಮತ್ತು ತೆಲಂಗಾಣಗಳಿಂದಲೂ ಲಕ್ಷಾಂತರ ಭಕ್ತರು ಸೇರುವ ಆ ಇಕ್ಕಟ್ಟಿನ ಜಾಗದಲ್ಲಿ ಕೆಲವೇ ಮೊಬೈಲ್ ಟವರುಗಳು ಎಲ್ಲರಿಗೂ ಸಾಕಾಗಬೇಕು. ಅಂಥ ಜನಸಂದಣಿಯಲ್ಲಿ ಫೋನ್ ಕರೆ ಹೋಗುತ್ತದೆ, ಆದರೆ ಭಂಡಾರ ಮತ್ತು ತೆಂಗಿನಕಾಯಿ ಅಂಗಡಿಯ ಮುಂದೆ ಯುಪಿಐ ಹಣ ಪಾವತಿ ಮಾತ್ರ ಸುತ್ತುತ್ತಲೇ ಇರುತ್ತದೆ ಎಂಬ ವಿಚಿತ್ರ ಕಂಡುಬರುವುದಕ್ಕೆ ಕಾರಣ 4ಜಿ ಜಾಲದ ದರ್ಜೆ ಪಟ್ಟಿಯಲ್ಲಿದೆ. ಆ ಪಟ್ಟಿಯಲ್ಲಿ 4ಜಿ ಜಾಲದ ಮೂಲಕವೇ ಸಾಗುವ (ವಿಒಎಲ್‌ಟಿಇ) ಧ್ವನಿ ಕರೆಗೆ 1ನೆಯ ದರ್ಜೆ, ಖಾತರಿಯ ವೇಗ ಮತ್ತು 100 ಮಿಲಿಸೆಕೆಂಡಿನ ವಿಳಂಬಮಿತಿ ಇದ್ದರೆ, ಸಾಮಾನ್ಯ ಇಂಟರ್ನೆಟ್ಟಿಗೆ ಸಾಧಾರಣವಾಗಿ ಸಿಗುವುದು ಖಾತರಿಯಿಲ್ಲದ, 300 ಮಿಲಿಸೆಕೆಂಡಿನ 9ನೆಯ ದರ್ಜೆ. ಕೆಲವೇ ಕಿಲೋಬೈಟ್‌ಗಳ ಹಣ ಪಾವತಿಯೂ ಪಕ್ಕದವರು ಊರಿಗೆ ಕಳುಹಿಸುತ್ತಿರುವ ಪಲ್ಲಕ್ಕಿಯ ನೇರ ವಿಡಿಯೊವೂ ಆ ಒಂದೇ ಒಂಬತ್ತನೆಯ ದರ್ಜೆಯಲ್ಲಿ ತಳ್ಳಾಡುತ್ತವೆ.

ಇನ್ನೂ ಹೆಚ್ಚಿನ ಒತ್ತಡದಲ್ಲಿ, ಟವರು ಹೊಸ ಸಂಪರ್ಕಗಳನ್ನು ಬಾಗಿಲಲ್ಲಿಯೇ ತಡೆಯಬಲ್ಲದು. ಪ್ರತಿ ಸಿಮ್ಮಿನಲ್ಲಿಯೂ ಒಂದು ಪ್ರವೇಶ ವರ್ಗ ಬರೆದಿರುತ್ತದೆ. ಸಾಮಾನ್ಯ ಗ್ರಾಹಕರದು 0ಯಿಂದ 9ರೊಳಗೆ, ಭದ್ರತಾ ಸೇವೆಗಳದು 12, ಸಾರ್ವಜನಿಕ ಸೌಕರ್ಯಗಳದು 13, ತುರ್ತು ಸೇವೆಗಳದು 14. ಟವರು ಒಂದು ಸಂಭಾವ್ಯತೆಯನ್ನು ಬಿತ್ತರಿಸಿದಾಗ ಸಾಮಾನ್ಯ ವರ್ಗದ ಪ್ರತಿ ಫೋನೂ ತನ್ನೊಳಗೇ ಒಂದು ಯಾದೃಚ್ಛಿಕ ಸಂಖ್ಯೆ ಎತ್ತಿ, ಅದು ಮಿತಿಯೊಳಗಿದ್ದರೆ ಪ್ರಯತ್ನಿಸುತ್ತದೆ, ಇಲ್ಲವಾದರೆ ನಿಗದಿತ ಹೊತ್ತು ಸುಮ್ಮನಿರುತ್ತದೆ. ವಿಶೇಷ ವರ್ಗಗಳಿಗೆ ಈ ಚೀಟಿ ಎತ್ತುವ ಕಟ್ಟುಪಾಡಿನಿಂದ ವಿನಾಯಿತಿ ನೀಡಬಹುದು. ಹಣವಂತರನ್ನು ಮುಂದೆ ಬಿಡದೆ ಆಂಬುಲೆನ್ಸ್ ಮತ್ತು ಪೊಲೀಸರನ್ನು ಮುಂದೆ ಬಿಡುವ ಈ ಏರ್ಪಾಟು, ಆದ್ಯತೆಗೆ ಒಪ್ಪಬಹುದಾದ ಕಾರಣ ಯಾವುದು ಎಂಬ ಪ್ರಶ್ನೆಗೆ ಒಂದು ಉತ್ತರವಾಗಿದೆ. ಆದರೂ ಜಾತ್ರೆಯ ದಿನ ಒಟ್ಟು ಸಾಮರ್ಥ್ಯ ಹೆಚ್ಚಬೇಕಾದರೆ ಚಲಿಸುವ ಟವರುಗಳನ್ನು ತಂದು ನಿಲ್ಲಿಸುವುದೇ ದಾರಿ. ಯಾವ ನಿಯಮವೂ ಆ ಕೆಲಸ ಮಾಡಲಾರದು.

ಯಾರಿಗೆ ಬರೆಯುವ ಹಕ್ಕು

ಟ್ರಂಕ್ ಕಾಲಿನ ಕಾಲದಲ್ಲಿದ್ದಂತೆ ಹೆಚ್ಚು ಹಣ ಕೊಟ್ಟ ಜಾಲತಾಣ ಮುಂದೆ, ಕೊಡದದ್ದು ಹಿಂದೆ ಎಂಬ ವ್ಯವಸ್ಥೆಯನ್ನು ಇಂಟರ್ನೆಟ್ ಸೇವಾದಾರರು ಮಾಡಬಹುದೇ ಎಂಬ ವಿವಾದ ಭಾರತದಲ್ಲಿ ಬಲವಾಗಿಯೇ ನಡೆದು, ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2016ರ ಫೆಬ್ರುವರಿ 8ರಂದು ದರದಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸಿತು. 2017ರ ನವೆಂಬರಿನಲ್ಲಿ ಅದು ನೀಡಿದ ನೆಟ್ ನ್ಯೂಟ್ರಾಲಿಟಿ ಶಿಫಾರಸುಗಳನ್ನು ದೂರಸಂಪರ್ಕ ಇಲಾಖೆ 2018ರ ಜುಲೈನಲ್ಲಿ ಅಂಗೀಕರಿಸಿತು. ದಟ್ಟಣೆಯನ್ನು ತಡೆಯುವುದು, ಕುಂಠಿತಗೊಳಿಸುವುದು, ಹಣಕ್ಕಾಗಿ ಮುಂದೆ ಬಿಡುವುದು ಅದರ ಪ್ರಕಾರ ಸಲ್ಲದು. ಸಮಂಜಸವಾದ ದಟ್ಟಣೆ ನಿರ್ವಹಣೆ, ತುರ್ತು ಸೇವೆಗಳಂಥವಕ್ಕೆ ವಿನಾಯಿತಿಯಿದೆ. ಸಂಸ್ಥೆಯೊಂದು ತನ್ನ ಕಚೇರಿಯೊಳಗಿನ ಲೈನಿನಲ್ಲಿ ಧ್ವನಿಯನ್ನು ಮುಂದೆ ಬಿಟ್ಟುಕೊಳ್ಳುವುದು ಈ ನಿರ್ಬಂಧಕ್ಕೆ ಒಳಪಡುವುದಿಲ್ಲ. ಹಾಗೆಂದು ಸರ್ಕಾರಿ ಕಚೇರಿಯ ಲೈನು ಆ ಕಚೇರಿಯ ಸ್ವಂತ ಸೊತ್ತೂ ಅಲ್ಲ. ಅದರ ಒಂದು ತುದಿಯಲ್ಲಿ ಕೌಂಟರಿನ ಮುಂದೆ ನಿಂತ ನಾಗರಿಕರಿದ್ದಾರೆ.

ಮೇಲಧಿಕಾರಿಗಳ ವಿಡಿಯೊ ಸಭೆಗೂ ಪಹಣಿಗಾಗಿ ಬಂದ ರೈತನ ವಿನಂತಿಗೂ ಒಂದೇ ಲೈನು ಇರುವಾಗ, ಸಭೆ ಅಡಚಣೆಯಿಲ್ಲದೆ ನಡೆಯಲೆಂದು ಅದಕ್ಕೆ ಮಿತಿಯಿಲ್ಲದ ಆದ್ಯತೆ ಕೊಟ್ಟುಬಿಡುವುದು ತಂತ್ರಜ್ಞನಿಗೆ ಸುಲಭದ ದಾರಿ. ಏಕೆಂದರೆ ಸಭೆ ತಡವರಿಸಿದರೆ ತಕ್ಷಣ ದೂರು ಬರುತ್ತದೆ, ಕೌಂಟರ್ ತಡವರಿಸಿದರೆ ‘ಸರ್ವರ್ ಇಲ್ರಿ’ ಎಂಬ ಉತ್ತರದಲ್ಲಿ ಕಾರಣ ಮುಚ್ಚಿಹೋಗುತ್ತದೆ. ಈ ಮರೆಯನ್ನು ತೆಗೆಯುವ ಸಾಧನವೂ ಅದೇ ಕಮಾಂಡ್ ಲೈನಿನಲ್ಲಿದೆ. ‘ಟಿಸಿ -ಎಸ್ ಕ್ಲಾಸ್ ಶೋ ಡೆವ್ ಇಟಿಎಚ್0’ ಎಂಬ ಆಜ್ಞೆ ಪ್ರತಿ ವಿಭಾಗದಿಂದ ಎಷ್ಟು ಬೈಟ್ ಹೊರಹೋಯಿತು, ಎಷ್ಟು ಪ್ಯಾಕೆಟ್ ಕೈಬಿಡಲಾಯಿತು, ಎಷ್ಟು ಇನ್ನೂ ಕಾಯುತ್ತಿವೆ ಎಂಬುದನ್ನು ಅಂಕಿಗಳಲ್ಲಿ ಹೇಳುತ್ತದೆ. ದಿನದ ಒತ್ತಡದ ಹೊತ್ತಿನಲ್ಲಿ ನಾಗರಿಕ ಸೇವೆಯ ವಿಭಾಗದಲ್ಲಿ ಕೈಬಿಟ್ಟ ಪ್ಯಾಕೆಟ್‌ಗಳು ಏರುತ್ತಿದ್ದು ವಿಡಿಯೊ ವಿಭಾಗ ತನ್ನ ಖಾತರಿಯನ್ನು ಮೀರಿ ಎರವಲು ಪಡೆಯುತ್ತಿದ್ದರೆ, ಪಾಲು ತಪ್ಪಾಗಿ ಹಂಚಿಕೆಯಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಎರಡೂ ವಿಭಾಗಗಳು ತಮ್ಮ ಪಾಲಿನೊಳಗೇ ಇದ್ದು ಇಬ್ಬರಿಗೂ ಸಾಲದೆ ಬಂದರೆ, ನಿಯಮವನ್ನು ತಿದ್ದುವುದು ವ್ಯರ್ಥ. ಲೈನನ್ನೇ ದೊಡ್ಡದು ಮಾಡಬೇಕು.

ಆದ್ದರಿಂದ ಸಾರ್ವಜನಿಕ ಕಚೇರಿಯ ಆದ್ಯತಾ ನಿಯಮಗಳ ಕಡತವನ್ನು ತಂತ್ರಜ್ಞನ ಲ್ಯಾಪ್‌ಟಾಪಿನಲ್ಲಿ ಬಿಡದೆ, ಯಾವ ಸೇವೆಗೆ ಎಷ್ಟು ಖಾತರಿ, ಎಷ್ಟು ಮೇಲ್ಮಿತಿ, ಯಾರ ಒಪ್ಪಿಗೆಯಿಂದ ಎಂಬುದನ್ನು ಸರಳ ಕನ್ನಡದಲ್ಲಿ ಅದರ ಜೊತೆಗೆ ಬರೆದು ಕಚೇರಿಯ ದಾಖಲೆಯಲ್ಲಿ ಸೇರಿಸುವುದು ಉಚಿತ. ಕಾಲುವೆಯ ಪಾಳಿ ಯಾವ ದಿನ ಯಾರದೆಂದು ಕೇಳಿ ತಿಳಿಯುವ ಹಕ್ಕು ರೈತನಿಗೆ ಇರುವಂತೆ, ತಾಲ್ಲೂಕಿನ ಲೈನಿನಲ್ಲಿ ತನ್ನ ಅರ್ಜಿಯ ಪಾಳಿ ಎಲ್ಲಿದೆ ಎಂದು ಕೇಳುವ ಹಕ್ಕೂ ನಾಗರಿಕನಿಗಿದೆ. ಹತ್ತಿಪ್ಪತ್ತು ಸಾಲುಗಳ ಆ ಕಡತ ಆ ಪ್ರಶ್ನೆಗೆ ಉತ್ತರ ಕೊಡುವಂತಿರಬೇಕು.